ಕಾಫಿ ಬೆಳೆಯದ ಊರಿನ ಕಾಫಿ

ಬಂಗಾರಪೇಟೆಯಿಂದ ಕುಪ್ಪಂ ಕಡೆಗೆ ಹೊರಟ ಪ್ಯಾಸೆಂಜರ್ ರೈಲು ಕಾಮಸಮುದ್ರದಲ್ಲಿ ನಿಂತದ್ದೂ ಗೊತ್ತಾಗಲಿಲ್ಲ, ಹೊರಟದ್ದೂ ಗೊತ್ತಾಗಲಿಲ್ಲ. ಪ್ಲಾಟ್‌ಫಾರಂ ಮೇಲೆ ಉಳಿದದ್ದು ನಾನು, ಎರಡು ಹಾಲಿನ ಕ್ಯಾನು, ಒಂದು ಆಡು. ಮೂಡಿಗೆರೆ ಕಡೆಯವನಾದ ನನ್ನನ್ನು ಮೊದಲು ಕಕ್ಕಾಬಿಕ್ಕಿ ಮಾಡಿದ್ದು ಇಲ್ಲಿನ ಆಕಾಶ. ನಮ್ಮಲ್ಲಿ ಕಣ್ಣು ಹತ್ತು ಮಾರು ಹೋಗುವಷ್ಟರಲ್ಲಿ ಸಿಲ್ವರ್ ಮರಕ್ಕೋ ಮೆಣಸಿನ ಬಳ್ಳಿಗೋ ಎಡವುತ್ತದೆ. ಇಲ್ಲಿ ರಾಗಿ ಹೊಲ, ಹುಣಸೆಮರ, ಮಾವಿನ ತೋಪು, ಅದರಾಚೆ ಬೋಳು ಬಂಡೆಯ ಗುಡ್ಡ, ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ವರ್ಷಕ್ಕೆ ಏಳೆಂಟು ನೂರು ಮಿಲಿಮೀಟರ್ ಮಳೆ ಬಿದ್ದರೆ ಪುಣ್ಯ. ಕಾಫಿ ಗಿಡಕ್ಕೆ ಅದರ ಎರಡರಷ್ಟಾದರೂ ಬೇಕು, ಮೇಲಿಂದ ನೆರಳು ಬೇರೆ.

ಇಂಥ ಊರಿಗೆ ಒಳ್ಳೆಯ ಕಾಫಿ ಹುಡುಕಿಕೊಂಡು ಬಂದವನು ನಾನು! ಮನೆಗೊಂದು ಕಾಫಿ ಮಾಡುವ ಸಾಮಾನು ಕೊಳ್ಳಬೇಕೆಂದು ಬೆಂಗಳೂರಿನ ಅಂಗಡಿಗಳನ್ನು ಸುತ್ತಿ ತಲೆ ಕೆಡಿಸಿಕೊಂಡಿದ್ದಾಗ ಗೆಳೆಯನೊಬ್ಬ, "ಸಾಮಾನು ಆಮೇಲೆ ತಗೋ. ಮೊದಲು ಕಾಮಸಮುದ್ರಕ್ಕೆ ಹೋಗಿ ನಮ್ಮ ದೊಡ್ಡಮ್ಮನ ಕೈ ಕಾಫಿ ಕುಡಿ" ಅಂದ. ಮಲೆನಾಡಿನವನಿಗೆ ಕೋಲಾರ ಜಿಲ್ಲೆಯಲ್ಲಿ ಕಾಫಿ ಪಾಠ! ಆದರೆ ನಿಜ ಹೇಳಬೇಕೆಂದರೆ ಬೆಳೆದವರೇ ಒಳ್ಳೆಯದನ್ನು ಕುಡಿಯುತ್ತಾರೆ ಎನ್ನುವುದು ಶುದ್ಧ ಭ್ರಮೆ. 1940ರ ದಶಕದಿಂದ 1990ರ ದಶಕದವರೆಗೂ ನಮ್ಮ ಕಡೆಯ ಬೆಳೆಗಾರರು ಬೆಳೆದದ್ದನ್ನು ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಿತ್ತು. ದಪ್ಪ ಬೀಜ ಹಡಗು ಹತ್ತುತ್ತಿತ್ತು. ಒಡಕಲು, ಕರಿಕಲು ಅಡುಗೆಮನೆಗೆ ಬರುತ್ತಿತ್ತು. ಅದನ್ನು ಕಪ್ಪಗೆ ಹುರಿದು, ಬೆಲ್ಲದ ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ ಕುಡಿದು ಬೆಳೆದವರು ನಾವು. ಜಡಿಮಳೆಯಲ್ಲಿ ಅದರ ರುಚಿಯೇ ಬೇರೆ, ಆ ಮಾತು ಬಿಡಿ.

ದೊಡ್ಡಮ್ಮನ ಮನೆಯಲ್ಲಿ ಸೊಸೆಯ ಹತ್ತಿರ ತೆಲುಗು, ತರಕಾರಿಯವನ ಹತ್ತಿರ ತಮಿಳು, ನನ್ನ ಹತ್ತಿರ ಕನ್ನಡ. ಆಂಧ್ರದ ಗಡಿಯೂ ತಮಿಳುನಾಡಿನ ಗಡಿಯೂ ಕೂಗಳತೆಯಲ್ಲಿರುವ ಹೋಬಳಿ ಇದು. ಮೂರು ಭಾಷೆಯಲ್ಲೂ ಬದಲಾಗದ ಒಂದೇ ಶಬ್ದ ಡಿಕಾಕ್ಷನ್. ಅಡುಗೆಮನೆಯ ಕಟ್ಟೆಯ ಮೇಲೆ ಹಿತ್ತಾಳೆ ಫಿಲ್ಟರು ನಿಂತಿದೆ. ಹೊರಗೆ ಹೊಗೆ ಬಣ್ಣ, ಒಳಗೆ ಕಲಾಯಿಯ ಬಿಳುಪು. "ಕಲಾಯಿ ಹೋದ್ರೆ ಹಿತ್ತಾಳೇಲಿ ಕಾಫಿ ಹಾಕ್ಬಾರ್ದಪ್ಪ, ಕಿಲುಬು ಹಿಡಿಯತ್ತೆ. ಈಗ ಕಲಾಯಿ ಹಾಕೋರು ಬೀದಿಗೆ ಬರಲ್ಲ, ನಾವೇ ಹೊತ್ಕೊಂಡು ಹೋಗ್ಬೇಕು" ಎನ್ನುತ್ತಾರೆ. ಹಾಗಾದರೆ ಸ್ಟೀಲು ವಾಸಿಯೇ ಎಂದು ಕೇಳುತ್ತೇನೆ. ಹಿತ್ತಾಳೆ ಬಿಸಿ ಹಿಡಿದಿಡುತ್ತದೆ, ಸ್ಟೀಲು ರೇಜಿಗೆ ಕೊಡುವುದಿಲ್ಲ. ಹೊಸಬರಿಗೆ ಸ್ಟೀಲೇ ಸಾಕು ಎಂದು ಅವರ ತೀರ್ಪು. ಹೊಸಬ ಎಂದದ್ದು ನನ್ನನ್ನು.

ಪುಡಿಯ ಡಬ್ಬಿ ತೆಗೆಯುವ ಮೊದಲೇ ನೀರಿನ ವಿಚಾರಣೆ ಶುರುವಾಗುತ್ತದೆ. ನಮ್ಮಲ್ಲಿ ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ನೀರಿಗೆ ಯಾರೂ ಜಾತಕ ಕೇಳುವುದಿಲ್ಲ. ಇಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿದೆ. ಆ ನೀರು ಕಾಸಿದ ಪಾತ್ರೆಯ ತಳದಲ್ಲಿ ಬಿಳಿ ಹೊರೆ ಕಟ್ಟಿರುವುದನ್ನು ದೊಡ್ಡಮ್ಮ ಉಗುರಿನಿಂದ ಕೆರೆದು ತೋರಿಸುತ್ತಾರೆ. ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರೇ ಆಗಬೇಕು. ಆದರೆ ಕಾಫಿಗೆ ಅದಷ್ಟೇ ಸಾಲದು, ಸಪ್ಪೆಯಾಗುತ್ತದಂತೆ. ಒಂದು ಸೌಟು ನಲ್ಲಿ ನೀರು ಬೆರೆಸುತ್ತಾರೆ. ನನಗೆ ಆಶ್ಚರ್ಯ. ಕಾಫಿ ತಜ್ಞರು ಪುಟಗಟ್ಟಲೆ ಬರೆಯುವ ಮಾತು ಇದೇ: ಗಡಸು ನೀರಿನ ಕ್ಷಾರ ಕಾಫಿಯ ಹುಳಿಯನ್ನು ಕೊಂದು ಮಂಕು ಮಾಡುತ್ತದೆ, ಲವಣವೇ ಇಲ್ಲದ ನೀರು ಪುಡಿಯ ರಸವನ್ನು ಸರಿಯಾಗಿ ಎಳೆಯುವುದಿಲ್ಲ. ಸೌಟಿನ ಲೆಕ್ಕ ಯಾರು ಹೇಳಿಕೊಟ್ಟರು ಎಂದರೆ, "ನಾಲಿಗೆ ಇಲ್ವೇನಪ್ಪ?" ಎಂಬ ಉತ್ತರ.

ಮುಂದಿನದು ನಿಧಾನದ ಕೆಲಸ. ಮೇಲಿನ ಪಾತ್ರೆಗೆ ಅರ್ಧದಷ್ಟು ಪುಡಿ. ಅದರ ಮೇಲೆ ಕೊಡೆಯ ಆಕಾರದ ಬಿಲ್ಲೆ, ಬೆರಳಿನಿಂದ ಮೆತ್ತಗೆ ಒತ್ತಿ. ಜೋರಾಗಿ ಒತ್ತಿದರೆ ನೀರು ಇಳಿಯುವುದೇ ಇಲ್ಲ, ಒತ್ತದಿದ್ದರೆ ಸರ್ರನೆ ಇಳಿದು ಬಣ್ಣದ ನೀರಾಗುತ್ತದೆ. ಕುದಿ ಬಂದ ನೀರನ್ನು ಉರಿಯಿಂದ ಇಳಿಸಿ, ಗುಳ್ಳೆ ಅಡಗಿದ ಮೇಲೆ ಸುತ್ತಲೂ ಸುರಿದು ಮುಚ್ಚಳ. ಮತ್ತೆ ಕಾಲು ಗಂಟೆ ಅದನ್ನು ಮುಟ್ಟುವ ಹಾಗಿಲ್ಲ, ತಟ್ಟುವ ಹಾಗಿಲ್ಲ. ಕಾಯಲಾರದೆ ಹೊರಗೆ ಅಡ್ಡಾಡಿ ಬರುತ್ತೇನೆಂದು ಎದ್ದರೆ, "ಕತ್ತಲಾಗ್ತಿದೆ, ತೋಪಿನ ಕಡೆ ಹೋಗ್ಬೇಡ, ಆನೆ ಬಂದಿರ್ತವೆ" ಎಂದು ಕೂರಿಸುತ್ತಾರೆ. ಆನೆ ಹಾವಳಿ ನಮ್ಮ ಮಲೆನಾಡಿನ ಸ್ವತ್ತು ಎಂದುಕೊಂಡಿದ್ದೆ. ಈ ಬಯಲಿಗೂ ಗಡಿಯಾಚೆಯ ಕಾಡಿನಿಂದ ಹಿಂಡು ಬರುತ್ತದಂತೆ.

ಕಾಫಿ ಬಂತು. ಆಗ ತಾನೇ ಕರೆದ ಸೀಮೆಹಸುವಿನ ಹಾಲು, ಒಂದೇ ಉಕ್ಕು ಬಂದದ್ದು, ಮೇಲೆ ನೊರೆ. ಮೊದಲ ಗುಟುಕಿಗೆ ಕಹಿ, ಅದರ ಹಿಂದೆಯೇ ಸುಟ್ಟ ಸಕ್ಕರೆಯಂಥ ಸಿಹಿ, ನುಂಗಿದ ಮೇಲೂ ಗಂಟಲಲ್ಲಿ ಘಮ. ನಾನು ಮಾತಾಡಲಿಲ್ಲ. ಲೋಟ ಮುಂದೆ ಚಾಚಿದೆ.

ಮರುದಿನ ಬಂಗಾರಪೇಟೆಗೆ ಮರಳಿ, ಮಾರಿಕುಪ್ಪಂ ರೈಲು ಹಿಡಿದು ಕೆಜಿಎಫ್. 1894ರಲ್ಲಿ ಗಣಿಗಾಗಿಯೇ ಹಾಕಿದ ಕವಲು ಹಳಿ ಇದು. ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಮೇಲೆ ಊರಿನ ದುಡಿಯುವ ಕೈಗಳು ಇದೇ ಹಳಿಯ ಮೇಲೆ ಬೆಳಿಗ್ಗೆ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸಾಗುತ್ತವೆ. ಎದುರು ಕೂತಿದ್ದ ಹೆಂಗಸೊಬ್ಬರು, ಮಲಗುವ ಮೊದಲು ಫಿಲ್ಟರಿಗೆ ನೀರು ಹಾಕಿಬಿಟ್ಟರೆ ಮೊದಲ ರೈಲಿಗೆ ಮುಂಚೆ ಡಿಕಾಕ್ಷನ್ ತಯಾರು ಎಂದರು. ಇಳಿಸಿಟ್ಟ ಡಿಕಾಕ್ಷನ್ ಕುದಿಸಬಾರದು, ಕುದಿಯುವ ಹಾಲನ್ನೇ ಅದಕ್ಕೆ ಸೇರಿಸಬೇಕು ಎಂಬುದು ಅವರ ನಿಯಮ. ಕಿಟಕಿಯಾಚೆ ಸಯನೈಡ್ ದಿಬ್ಬಗಳು ಬೂದುಬಣ್ಣದಲ್ಲಿ ಸರಿಯುತ್ತಿವೆ. ಗಿಡವಿಲ್ಲದ, ಹಕ್ಕಿಯಿಲ್ಲದ ಆ ಗುಡ್ಡಗಳು ಚಿನ್ನ ತೆಗೆದು ಬಿಸಾಕಿದ ಚರಟ.

ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಪುಡಿ ಅಂಗಡಿಯನ್ನು ಯಾರನ್ನೂ ಕೇಳಬೇಕಾಗಿಲ್ಲ, ಮೂಗೇ ಕರೆದೊಯ್ಯುತ್ತದೆ. "ಪೀಬೆರಿನಾ, ಪ್ಲಾಂಟೇಷನ್ ಎ ನಾ? ಪ್ಯೂರಾ, ಚಿಕೋರಿ ಹಾಕ್ಲಾ?" ಅಂಗಡಿಯಾತ ಬೀಜ ಅಂಗೈಗೆ ಸುರಿದು, "ಚಿಕ್ಕಮಗಳೂರು ಮಾಲು ಸಾರ್, ಒಳ್ಳೇದು" ಎಂದು ನನಗೇ ಶಿಫಾರಸು ಮಾಡುತ್ತಾನೆ! ಹಣ್ಣಿನಲ್ಲಿ ಎರಡು ಬೀಜದ ಬದಲು ಒಂದೇ ಬೆಳೆದರೆ ಅದು ಪೀಬೆರಿ. ಗುಂಡಗಿರುವುದರಿಂದ ಹುರಿಯುವಾಗ ಉರುಳಿ ಉರುಳಿ ಸಮನಾಗಿ ಬೇಯುತ್ತದೆ. ಇದನ್ನು ನಮ್ಮೂರಿನ ಕಣದಲ್ಲಿ ಕೇಳಿದ್ದೆ, ಕುಡಿದಿರಲಿಲ್ಲ. ಚಿಕೋರಿ ಎಂದರೆ ಮೂಗು ಮುರಿಯುವುದು ಬೆಳೆಗಾರರ ಮನೆತನದ ಅಭ್ಯಾಸ. ಅದು ಒಂದು ಬೇರು, ಹುರಿದ ಪುಡಿ. ನೀರು ಹೀರಿ ಊದಿಕೊಂಡು ಡಿಕಾಕ್ಷನ್ ಇಳಿಯುವುದನ್ನು ನಿಧಾನ ಮಾಡುತ್ತದೆ, ಮಂದ ಮಾಡುತ್ತದೆ. ಹಾಲಿನ ಕಾಫಿಗೆ ನೂರಕ್ಕೆ ಇಪ್ಪತ್ತು ಒಪ್ಪುತ್ತೇನೆ. ಕಾನೂನು ನಲವತ್ತೊಂಬತ್ತರವರೆಗೂ ಬಿಡುತ್ತದೆ, ಅದನ್ನು ಕಾಫಿ ಎಂದು ಕರೆಯಲು ನನ್ನ ಮನಸ್ಸು ಒಪ್ಪದು.

ಕಾಲು ಕಿಲೋ ಯಂತ್ರದ ಬಾಯಿಗೆ ಹಾಕುತ್ತಿದ್ದಂತೆ ಕರೆಂಟ್ ಹೋಯಿತು. 1902ರಷ್ಟು ಹಿಂದೆಯೇ ಶಿವನಸಮುದ್ರದಿಂದ ತಂತಿಯಲ್ಲಿ ವಿದ್ಯುತ್ ತಂದ ಊರಿದು; ಬೆಂಗಳೂರಿನ ಬೀದಿಗಿಂತ ಮೊದಲು ಇಲ್ಲಿನ ಗಣಿಗೆ ಬಂದದ್ದು. ಅಂಗಡಿಯಾತ ಸ್ಟೂಲು ಕೊಟ್ಟು ಪಾಠ ಮುಂದುವರಿಸಿದ. ಹದಿನೈದು ದಿನಕ್ಕಾಗುವಷ್ಟೇ ಒಯ್ಯಬೇಕು. ಮನೆಯ ಮಿಕ್ಸಿಯಲ್ಲಿ ಬೀಜ ಪುಡಿಯಾಗುವುದಿಲ್ಲ, ಕತ್ತರಿಸಿಹೋಗುತ್ತದೆ: ಅರ್ಧ ರವೆ, ಅರ್ಧ ಧೂಳು. ರವೆ ರಸ ಬಿಡುವುದಿಲ್ಲ, ಧೂಳು ಫಿಲ್ಟರಿನ ತೂತು ಮುಚ್ಚುತ್ತದೆ. ದುಡ್ಡು ಖರ್ಚು ಮಾಡಲೇಬೇಕು ಅನಿಸಿದರೆ ಎರಡು ಹಲ್ಲುಚಕ್ರದ ನಡುವೆ ಅರೆಯುವ ಕೈಮೆಷಿನ್‌ಗೆ ಮಾಡಿ, ಮಿಕ್ಕಿದ್ದೆಲ್ಲ ಶೋಕಿ ಎಂದ. ನಮ್ಮ ಅಜ್ಜಿಯ ಕೈಮೆಷಿನ್ ಅಟ್ಟದ ಮೇಲೆ ತುಕ್ಕು ಹಿಡಿಯುತ್ತಿರುವುದು ನೆನಪಾಗಿ ಸುಮ್ಮನಾದೆ.

ಆ ಶೋಕಿಯನ್ನೂ ನೋಡಿದೆ. ಬಿಇಎಂಎಲ್‌ನಿಂದ ನಿವೃತ್ತರಾದ ಹಿರಿಯರೊಬ್ಬರ ಮನೆಗೆ ಮಗಳು ವಿದೇಶದಿಂದ ಮೋಕಾ ಪಾಟ್ ತಂದಿದ್ದಾಳೆ. ಇಟಲಿಯ ಅಲ್ಫೊನ್ಸೊ ಬಿಯಾಲೆಟ್ಟಿ 1933ರಲ್ಲಿ ಹೊರತಂದ ಅಲ್ಯುಮಿನಿಯಂ ಗಿಂಡಿ. ಕೆಳಗೆ ನೀರು, ನಡುವೆ ಪುಡಿ. ಆವಿಯ ಒತ್ತಡಕ್ಕೆ ನೀರು ಕೆಳಗಿನಿಂದ ಮೇಲಕ್ಕೇರುತ್ತದೆ. ನಮ್ಮ ಫಿಲ್ಟರಿನಲ್ಲಿ ಭೂಮಿ ಎಳೆಯುವುದನ್ನು ಇಲ್ಲಿ ಬೆಂಕಿ ತಳ್ಳುತ್ತದೆ. ಐದು ನಿಮಿಷಕ್ಕೆ ಗೊರಗೊರ ಸದ್ದು, ಕಾಫಿ ಸಿದ್ಧ. ಸುರಕ್ಷತಾ ಕವಾಟವನ್ನು ಹಿರಿಯರು ಯಂತ್ರದವರ ಅಭಿಮಾನದಿಂದ ತೋರಿಸಿದರು. ಇಂಡಕ್ಷನ್ ಒಲೆಯ ಮೇಲೆ ಈ ಅಲ್ಯುಮಿನಿಯಂ ಬಿಸಿಯಾಗುವುದಿಲ್ಲ, ಚಿಕೋರಿ ಪುಡಿ ಹಾಕಿದರೆ ಕಟ್ಟಿಕೊಳ್ಳುತ್ತದೆ ಎಂದೂ ಹೇಳಿದರು. ಕಾಫಿ ಚುರುಕಾಗಿತ್ತು. ಹಾಲು ಬೆರೆಸಿದಾಗ ಮಾತ್ರ ದೊಡ್ಡಮ್ಮನ ಡಿಕಾಕ್ಷನ್ನಿನ ಮಂದ ಬರಲಿಲ್ಲ. ಅವರ ಹೆಂಡತಿ ತಮ್ಮ ಪಾಲಿಗೆ ಸ್ಟೀಲ್ ಫಿಲ್ಟರಿನದನ್ನೇ ಬಗ್ಗಿಸಿಕೊಂಡರು.

ವಾಪಸು ಬಂಗಾರಪೇಟೆ. ರೈಲಿಗೆ ಸಮಯವಿತ್ತೆಂದು ಊರಿನ ಹೆಸರಾಂತ ಪಾನಿಪೂರಿ ತಿಂದೆ. ನೀರು ಪನ್ನೀರಿನ ಹಾಗೆ ತಿಳಿ, ಬಾಯಿಗಿಟ್ಟರೆ ಬೆಂಕಿ. ಆ ಸಂಜೆಗೆ ನಾಲಿಗೆಯ ಕಾಫಿ ಪರೀಕ್ಷೆಗಳೆಲ್ಲ ರದ್ದು. ಕಣ್ಣೀರು ಒರೆಸಿಕೊಂಡೇ ಪಾತ್ರೆ ಅಂಗಡಿ ಹೊಕ್ಕೆ. ಯಜಮಾನರು ಎಂಟು ಲೋಟದ ಫಿಲ್ಟರ್ ಇಳಿಸಿದರು, "ನೆಂಟರು ಬಂದರೆ ಬೇಕಾಗುತ್ತೆ." ಬೇಡವೆಂದೆ. ದೊಡ್ಡ ಫಿಲ್ಟರಿಗೆ ಸ್ವಲ್ಪ ಪುಡಿ ಹಾಕಿದರೆ ತೆಳ್ಳಗೆ ಹರಡಿ ನೀರು ನಿಲ್ಲುವುದಿಲ್ಲ. ದಿನಾ ಎಷ್ಟು ಮಂದಿಯೋ ಅಷ್ಟರದ್ದೇ ಇರಬೇಕು, ನೆಂಟರಿಗೆ ಎರಡು ಸಲ ಇಳಿಸಿದರಾಯಿತು. ಎರಡು ಲೋಟದ ಸ್ಟೀಲಿನದನ್ನು ಬೆಳಕಿಗೆ ಹಿಡಿದು ನೋಡಿದೆ: ತೂತು ಸಣ್ಣಗೆ, ಒಂದೇ ಸಮ; ಮೇಲಿನ ಪಾತ್ರೆ ಕೆಳಗಿನದರೊಳಗೆ ಸಡಿಲವಿಲ್ಲದೆ ಕೂರುತ್ತದೆ, ಎಳೆದರೆ ಬರುತ್ತದೆ. ತೂತು ಕಟ್ಟಿದರೆ ಒಲೆಯ ಉರಿಗೆ ಹಿಡಿದು ಸುಡಬೇಕೆಂದು ಯಜಮಾನರು ಉಚಿತ ಸಲಹೆ ಕೊಟ್ಟರು.

ದುಡ್ಡು ಕೊಟ್ಟ ಮೇಲೆ ಡಬ್ಬಿ ಬಿಚ್ಚಿದರೆ ಒಳಗೆ ಬಿಲ್ಲೆಯೇ ಇಲ್ಲ. "ಅದನ್ನ ಯಾರೂ ಕೇಳಲ್ಲ ಸಾರ್" ಎನ್ನುತ್ತಾ ಅವರು ಪಕ್ಕದ ಡಬ್ಬಿ ತೆರೆದು, ಅದರೊಳಗಿನ ಬಿಲ್ಲೆಯನ್ನು ನನ್ನ ಫಿಲ್ಟರಿಗೆ ಹಾಕಿ, ಬಿಲ್ಲೆಯಿಲ್ಲದ ಆ ಇನ್ನೊಂದನ್ನು ಮುಚ್ಚಿ, ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ಇಟ್ಟರು.