ಮೂವತ್ತೆಂಟನೆಯ ಕಂತು

ಪೋಕೆಮಾನ್ ಸರಣಿಯನ್ನು ಜಪಾನಿನ ಕ್ರಮಸಂಖ್ಯೆಯಂತೆ ನೋಡುತ್ತಾ ಬಂದರೆ ಮೂವತ್ತೇಳನೆಯ ಕಂತು ಸಿಗುತ್ತದೆ, ಮೂವತ್ತೊಂಬತ್ತನೆಯದೂ ಸಿಗುತ್ತದೆ. ಮೂವತ್ತೆಂಟನೆಯದು ಮಾತ್ರ ಸಿಗುವುದಿಲ್ಲ. 1997ರ ಡಿಸೆಂಬರ್ 16ರ ಸಂಜೆ ಅದು ಒಂದೇ ಒಂದು ಸಲ ಪ್ರಸಾರವಾಯಿತು. ಪಿಕಾಚು ಕ್ಷಿಪಣಿಗಳ ಮೇಲೆ ಮಿಂಚು ಹಾಯಿಸುವ ದೃಶ್ಯದಲ್ಲಿ ಕೆಂಪು, ನೀಲಿ ಬೆಳಕು ಸೆಕೆಂಡಿಗೆ ಸುಮಾರು ಹನ್ನೆರಡು ಸಲದಂತೆ ಮಿಣುಕಿತು. ಕೆಲವೇ ಸೆಕೆಂಡು, ಅಷ್ಟೆ. ನೋಡುತ್ತ ಕೂತಿದ್ದ ಮಕ್ಕಳಿಗೆ ತಲೆಸುತ್ತು, ವಾಂತಿ, ಕೆಲವರಿಗೆ ಫಿಟ್ಸ್. ಆಸ್ಪತ್ರೆಗೆ ಸಾಗಿಸಿದ್ದು 685 ಮಂದಿಯನ್ನು. ಸರಣಿ ನಾಲ್ಕು ತಿಂಗಳು ನಿಂತುಹೋಯಿತು. ಮತ್ತೆ ಶುರುವಾದದ್ದು ಆ ಕಂತನ್ನು ಬಿಟ್ಟು. ಆಮೇಲೆ ಅದು ಯಾವ ದೇಶದಲ್ಲೂ ಮರುಪ್ರಸಾರವಾಗಲಿಲ್ಲ.

ಆ ಕಂತಿನಲ್ಲಿ ಪೊರಿಗಾನ್ ಎಂಬ ಜೀವಿ ಮುಖ್ಯವಾಗಿತ್ತು. ಮಿಂಚು ಹಾಯಿಸಿದ್ದು ಪಿಕಾಚು, ಕಥೆಯಿಂದಲೇ ಹೆಚ್ಚುಕಡಿಮೆ ಕಾಣೆಯಾದದ್ದು ಪೊರಿಗಾನ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಹಾಸ್ಟೆಲಿನಲ್ಲಿ ರಾತ್ರಿ ಊಟದ ಮೇಲೆ ಗೆಳತಿಯೊಬ್ಬಳು ಇದನ್ನು ಹೇಳಿದಾಗ ನಕ್ಕಿದ್ದೆವು. ಆದರೆ ಆ ಖಾಲಿ ಸಂಖ್ಯೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ನನ್ನ ಸಂಶೋಧನೆ ಹಾಸನದ ಕಡೆಯ ಸೋಬಾನೆ ಪದಗಳ ಮೇಲೆ. ಟೀವಿಗೂ ಅದಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ನಿಮಗನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು.

ಕಂತುಗಳು ಕಾಣೆಯಾಗುವುದಕ್ಕೆ ಕಾರಣಗಳು ಒಂದೆರಡಲ್ಲ. ಕೆಲವು ನೋವಿನವು. ‘ದಿ ಸಿಂಪ್ಸನ್ಸ್’ನ ಒಂದು ಕಂತಿನಲ್ಲಿ ಹೋಮರ್ ನ್ಯೂಯಾರ್ಕಿಗೆ ಹೋಗುತ್ತಾನೆ. ಅವನ ಕಾರು ನಿಂತಿರುವುದು ವರ್ಲ್ಡ್ ಟ್ರೇಡ್ ಸೆಂಟರಿನ ಅವಳಿ ಗೋಪುರಗಳ ನಡುವೆ. 1997ರಲ್ಲಿ ಬಂದಾಗ ಅದು ಬರೀ ತಮಾಷೆ. 2001ರ ಸೆಪ್ಟೆಂಬರ್ 11ರ ನಂತರ ಅದನ್ನು ನೋಡಿ ನಗುವುದು ಯಾರಿಂದ ಸಾಧ್ಯವಿತ್ತು? ಮರುಪ್ರಸಾರದಿಂದ ತೆಗೆದರು, ಕೆಲವು ವರ್ಷ ಕಳೆದ ಮೇಲೆ ಕೆಲವೆಡೆ ಮರಳಿ ತಂದರು. ಅದೇ ಸರಣಿಯಲ್ಲಿ ಮೈಕೆಲ್ ಜಾಕ್ಸನ್ ದನಿ ಕೊಟ್ಟ 1991ರ ಕಂತನ್ನು, ಅವನ ಮೇಲಿನ ಆರೋಪಗಳ ಸಾಕ್ಷ್ಯಚಿತ್ರ ಬಂದ 2019ರಲ್ಲಿ ತಯಾರಕರೇ ಹಿಂತೆಗೆದರು. ಕೆಲವು ಕಾರಣಗಳು ನಗು ತರಿಸುವಂಥವು. ‘ಪೆಪ್ಪಾ ಪಿಗ್’ನಲ್ಲಿ ಜೇಡ ಏನೂ ಮಾಡುವುದಿಲ್ಲ, ಹೆದರಬೇಡಿ ಎಂದು ಮಕ್ಕಳಿಗೆ ಹೇಳುವ ಕಂತೊಂದಿದೆ. ಬ್ರಿಟನ್ನಿನಲ್ಲಿ ಅದು ಸರಿಯಾದ ಪಾಠ. ವಿಷದ ಜೇಡಗಳಿರುವ ಆಸ್ಟ್ರೇಲಿಯಾದಲ್ಲಿ ಮಗುವಿಗೆ ಹಾಗೆ ಹೇಳಿಕೊಟ್ಟರೆ ಗತಿಯೇನು? ಅಲ್ಲಿ ಅದನ್ನು ಕೈಬಿಟ್ಟರು. ಇನ್ನು ಕೆಲವು ಬರೀ ಲೆಕ್ಕಾಚಾರದವು. ಅಮೆರಿಕದ ‘ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ’ ರೇಡಿಯೋ ನಿಲಯವೊಂದರ ಕಥೆ, ಹಾಗಾಗಿ ಅದರ ತುಂಬ ಆ ಕಾಲದ ಜನಪ್ರಿಯ ಹಾಡುಗಳು. ಹಾಡುಗಳ ಹಕ್ಕಿನ ಅವಧಿ ಮುಗಿದ ಮೇಲೆ ಮರುಪ್ರಸಾರದಲ್ಲಿ ಹಲವು ಕಡೆ ಅವುಗಳ ಜಾಗಕ್ಕೆ ಯಾರದೋ ಸಂಗೀತ ಬಂದು ಕೂತಿತು. ಕಂತು ಇದೆ, ಅದರ ಉಸಿರಿಲ್ಲ.

ಇವೆಲ್ಲ ಅಡಗಿಸಿಟ್ಟವು. ಎಲ್ಲೋ ಒಂದು ಕಪಾಟಿನಲ್ಲಿ ಇವೆ, ಮನಸ್ಸು ಬದಲಾದರೆ ಹೊರಗೆ ಬರುತ್ತವೆ. ಅಳಿಸಿಹೋದವುಗಳ ಕಥೆ ಬೇರೆ. ಬಿಬಿಸಿಯ ‘ಡಾಕ್ಟರ್ ಹೂ’ ಸರಣಿಯ ಅರವತ್ತರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳು ಇಂದು ಇಲ್ಲವೇ ಇಲ್ಲ. ಟೇಪು ದುಬಾರಿ, ಒರೆಸಿ ಮತ್ತೆ ಬಳಸಬಹುದು. ನಟರೊಂದಿಗಿನ ಒಪ್ಪಂದ ಹೆಚ್ಚು ಸಲ ಮರುಪ್ರಸಾರ ಮಾಡಲು ಬಿಡುತ್ತಿರಲಿಲ್ಲ. ಬಣ್ಣದ ಟೀವಿ ಬಂದ ಮೇಲೆ ಕಪ್ಪು ಬಿಳುಪಿಗೆ ಗಿರಾಕಿಯಿಲ್ಲ. ಮುಂದೊಂದು ದಿನ ಜನ ಇದನ್ನು ಮನೆಗೇ ಕೊಂಡೊಯ್ದು ನೋಡುತ್ತಾರೆಂದು ಆಗ ಯಾರು ಊಹಿಸಿದ್ದರು? ಆದ್ದರಿಂದ ಒರೆಸಿದರು. ಅದರ ಹಿಂದೆ ದ್ವೇಷವಿರಲಿಲ್ಲ, ಸೆನ್ಸಾರೂ ಇರಲಿಲ್ಲ, ಇದ್ದದ್ದು ಮಿತವ್ಯಯ.

ಇದನ್ನು ಓದಿದಾಗ ನನಗೆ ನಮ್ಮಜ್ಜಿ ನೆನಪಾದಳು. ನಾನು ಎರಡು ಮೂರು ವರ್ಷದವಳಿದ್ದಾಗ ನಮ್ಮೂರಿನ ಕೇಬಲ್‌ನವರು ಗೌರಿ ಹಬ್ಬದ ದಿನ ಅಜ್ಜಿ ಮತ್ತವಳ ಜೊತೆಗಾತಿಯರ ಹಾಡು ಚಿತ್ರೀಕರಿಸಿ, ಅದೇ ವಾರ ತಮ್ಮ ಲೋಕಲ್ ಚಾನೆಲಿನಲ್ಲಿ ಹಾಕಿದ್ದರಂತೆ. ಬೀದಿಯವರೆಲ್ಲ ನಮ್ಮ ಪಡಸಾಲೆಯಲ್ಲಿ ತುಂಬಿದ್ದರಂತೆ. ಅಜ್ಜಿ ಮಾತ್ರ ನಾಚಿಕೊಂಡು ಒಳಗೆ ಒಲೆ ಮುಂದೆಯೇ ಕೂತು, ತನ್ನ ದನಿಯನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡಳಂತೆ. ಎಲ್ಲವೂ ‘ಅಂತೆ’ಯೇ, ನನಗೆ ಯಾವುದೂ ನೆನಪಿಲ್ಲ. ಹೋದ ವರ್ಷ ಆ ಕ್ಯಾಸೆಟ್ಟು ಹುಡುಕಿಕೊಂಡು ಹೋದೆ. ಕೇಬಲ್ ನಡೆಸುತ್ತಿದ್ದವರು ಚಹಾ ಕೊಟ್ಟು ಕೂರಿಸಿ ಹೇಳಿದರು: “ಅದರ ಮೇಲೆ ಸ್ಕೂಲ್ ಡೇ ತುಂಬಿದ್ವಿ ಮೇಡಂ, ಅದರ ಮೇಲೆ ಯಾರದೋ ಗೃಹಪ್ರವೇಶ. ಇದ್ದ ಹತ್ತು ಕ್ಯಾಸೆಟ್ಟಲ್ಲೇ ವರ್ಷ ದಬ್ಬಬೇಕಿತ್ತು.” ಸಿಟ್ಟು ಮಾಡಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಲಂಡನ್ನಿನ ದೊಡ್ಡ ಸಂಸ್ಥೆ ಯಾವ ಕಾರಣಕ್ಕೆ ಒರೆಸಿತೋ ಅದೇ ಕಾರಣಕ್ಕೆ ನಮ್ಮೂರೂ ಒರೆಸಿತ್ತು.

ಆದರೆ ‘ಡಾಕ್ಟರ್ ಹೂ’ಗೆ ಒಂದು ಅದೃಷ್ಟವಿತ್ತು. ವಿದೇಶಗಳಿಗೆ ಮಾರಿದ್ದ ಫಿಲ್ಮ್ ಪ್ರತಿಗಳು ಹಾಂಗ್‌ಕಾಂಗಿನಲ್ಲಿ, ನೈಜೀರಿಯಾದಲ್ಲಿ ದಶಕಗಳ ನಂತರ ಸಿಕ್ಕವು. ಅದಕ್ಕಿಂತ ದೊಡ್ಡದು, ಮನೆಗಳಲ್ಲಿ ಟೀವಿಯ ಮುಂದೆ ಮೈಕ್ ಹಿಡಿದು ಕೂತಿದ್ದ ಅಭಿಮಾನಿಗಳು. ಅವರಿಂದಾಗಿ ಕಳೆದುಹೋದ ಪ್ರತಿ ಕಂತಿನ ದನಿಯೂ ಇಂದು ಉಳಿದಿದೆ. ಅಜ್ಜಿಯ ಮುಂದೆ ಯಾರೂ ಮೈಕ್ ಹಿಡಿಯಲಿಲ್ಲ. ಅಮ್ಮನ ಬಾಯಲ್ಲಿ ಎರಡು ಪದ ಉಳಿದಿವೆ. ಹಾಡಿ ಮುಗಿಸಿದ ಕೂಡಲೇ, “ನಿಮ್ಮಜ್ಜಿ ಹಿಂಗೆ ಹೇಳ್ತಿರಲಿಲ್ಲ” ಅನ್ನುತ್ತಾಳೆ. ಹೇಗೆ ಹೇಳುತ್ತಿದ್ದಳು ಎಂದರೆ, ಅದು ಅವಳಿಗೂ ಗೊತ್ತಿಲ್ಲ.

ಹಾಗಾದರೆ ಎಲ್ಲವನ್ನೂ ಉಳಿಸಬೇಕು, ಎಲ್ಲವನ್ನೂ ತೋರಿಸಬೇಕು ಎನ್ನೋಣವೇ? ಅಷ್ಟು ಸಲೀಸಾಗಿ ನನಗೆ ಹೇಳಲಾಗುವುದಿಲ್ಲ. ಕ್ಷೇತ್ರಕಾರ್ಯದಲ್ಲಿ ಒಬ್ಬ ಹಿರಿಯ ಹೆಂಗಸು ನನಗಾಗಿ ಹೆಣ್ಣೊಪ್ಪಿಸುವ ಪದ ಹಾಡಿದರು. ಮಾರನೆಯ ದಿನ ಬೇರೊಂದು ಮನೆಯ ಜಗಲಿಯ ಮೇಲೆ ಮತ್ತೆ ಹಾಡಿಸಿದೆ. ನಡುವಿನ ಒಂದು ನುಡಿ ಇರಲಿಲ್ಲ. ಮರೆತರೇನೋ ಎಂದು ನೆನಪಿಸಲು ಹೋದರೆ ಮೆಲ್ಲಗೆ ನನ್ನ ಮೊಣಕೈ ಅದುಮಿ, “ಆ ನುಡಿ ಇಲ್ಲಿ ಬ್ಯಾಡ ಕಣವ್ವ” ಅಂದರು. ಹಿಂದಿನ ವರ್ಷ ಮದುವೆಯಾಗಿ ಹೋದ ಆ ಮನೆಯ ಮಗಳು ತೀರಿಕೊಂಡಿದ್ದಳೆಂದು ದಾರಿಯಲ್ಲಿ ತಿಳಿಯಿತು. ಆ ತಾಯಿ ಒಳಗೆ ಅಕ್ಕಿ ಆರಿಸುತ್ತಿದ್ದರು. ಅವಳಿ ಗೋಪುರದ ಕಂತನ್ನು ತೆಗೆದವರಿಗೂ ಈ ಅವ್ವನಿಗೂ ಗೊತ್ತಿದ್ದದ್ದು ಒಂದೇ. ಎರಡನೆಯ ಸಲ ಕೇಳುವವರು ಮೊದಲ ಸಲ ಕೇಳಿದವರಲ್ಲ. ನಡುವೆ ಏನೋ ಆಗಿಹೋಗಿರುತ್ತದೆ.

ವ್ಯತ್ಯಾಸ ಇರುವುದು ಇನ್ನೊಂದು ಕಡೆ. ಅವ್ವ ಬಿಟ್ಟ ನುಡಿ ಅವರ ಎದೆಯಲ್ಲಿ ಹಾಗೇ ಇತ್ತು, ಇನ್ನೊಂದು ಮದುವೆಯಲ್ಲಿ ಅದನ್ನು ಹಾಡುತ್ತಾರೆ. ಈಗಿನ ಸ್ಟ್ರೀಮಿಂಗ್ ಕಾಲದಲ್ಲಿ ನಮ್ಮ ಕೈಯಲ್ಲಿ ಕ್ಯಾಸೆಟ್ಟೂ ಇಲ್ಲ, ಡಿವಿಡಿಯೂ ಇಲ್ಲ. ನಿನ್ನೆ ಇದ್ದ ಕಂತು ಇವತ್ತು ಪಟ್ಟಿಯಿಂದ ಹೋದರೆ, ಇತ್ತೆಂಬುದಕ್ಕೇ ಗುರುತಿರುವುದಿಲ್ಲ. ಬಿಡುವುದನ್ನು ನಾನು ಒಪ್ಪಬಲ್ಲೆ. ಬಿಟ್ಟಿಲ್ಲವೆಂಬಂತೆ ಸಾಲನ್ನು ಸರಿಮಾಡಿ ಕೂರಿಸುವುದನ್ನು ಒಪ್ಪಲಾರೆ. ಪೋಕೆಮಾನಿನ ಆ ಖಾಲಿ ಸಂಖ್ಯೆಯನ್ನು ಕಂಡು ನಾವು ಕೇಳಿದೆವು, ತಿಳಿದುಕೊಂಡೆವು. ಜಪಾನಿನ ಟೀವಿಯಲ್ಲಿ ಇಂದಿಗೂ ಮಕ್ಕಳ ಕಾರ್ಯಕ್ರಮದ ಮೊದಲಿಗೆ ‘ಕೋಣೆಯಲ್ಲಿ ಬೆಳಕಿರಲಿ, ದೂರ ಕೂತು ನೋಡಿ’ ಎಂಬ ಸೂಚನೆ ಬರುತ್ತದೆ. ಆ ಕಂತು ಮತ್ತೆ ಬರದಿದ್ದರೂ ಅದು ಕಲಿಸಿದ್ದು ಹೀಗೆ ಉಳಿದಿದೆ.

ನನ್ನ ಪ್ರಬಂಧದಲ್ಲಿ ಆ ಪದದ ಎರಡೂ ಪಾಠಗಳನ್ನು ಕೊಡುತ್ತಿದ್ದೇನೆ. ಎರಡನೆಯದರಲ್ಲಿ ಒಂದು ನುಡಿಯಷ್ಟು ಜಾಗ ಖಾಲಿ. ಓದಿದ ಇಬ್ಬರು ಹಿರಿಯರು, ಮೊದಲ ಪಾಠದಿಂದ ತೆಗೆದು ತುಂಬಿಸಿಬಿಡು, ಪುಟ ಚೆನ್ನಾಗಿ ಕಾಣುತ್ತದೆ ಎಂದರು. ತುಂಬಿಸಿಲ್ಲ. ಯಾವ ಮನೆ, ಯಾರ ಮಗಳು ಎಂಬುದನ್ನೂ ಬರೆದಿಲ್ಲ. ಆ ಜಾಗದಲ್ಲಿ ಇಷ್ಟೇ ಇದೆ: ಇಲ್ಲೊಂದು ನುಡಿ ಇದೆ, ಹಾಡಿದವರು ಆ ದಿನ ಬೇಡವೆಂದರು.