ಗಾಡಿಮನೆಯೂ ಒಂದು ಕೆವಿಎ ಜನರೇಟರೂ

ನಮ್ಮ ಅಕ್ಕನ ಮನೆಗೆ ಗಾಲಿಗಳಿವೆ. ವರ್ಷದಲ್ಲಿ ಐದಾರು ತಿಂಗಳು ಅವರು ಇರುವುದು ಅದರಲ್ಲೇ. ಹಳೆಯ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಕಬ್ಬಿಣದ ಚೌಕಟ್ಟು, ಸುತ್ತ ತಗಡು, ಮೇಲೆ ತಾಡಪತ್ರಿ. ಮುಂದಿನ ತಗಡು ಎತ್ತಿ ಕೋಲು ಕೊಟ್ಟರೆ ಮಿರ್ಚಿ-ಗಿರ್ಮಿಟ್ ಅಂಗಡಿ, ಇಳಿಸಿದರೆ ಮನೆ. ಊರೂರ ಜಾತ್ರೆ ಮುಗಿಸಿಕೊಂಡು ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿಗೆ ಬಂದು ನಿಲ್ಲುತ್ತಾರೆ. ನಾಟಕ ಕಂಪನಿಗಳು ವಾರಗಟ್ಟಲೆ ಠಿಕಾಣಿ ಹೂಡುವ ಜಾತ್ರೆ ಅದು. ನಾಟಕ ಬಿಟ್ಟ ಮೇಲೆ ಬರುವ ಹಸಿದ ಮಂದಿಯೇ ಅಕ್ಕನ ದೊಡ್ಡ ಗಿರಾಕಿ.

ಆ ವರ್ಷ ಜಾತ್ರೆ ವರದಿಗೆ ಹೋದವನು ನಾನೂ ಅಲ್ಲೇ ಉಳಿದೆ. ಲಾಡ್ಜಿನ ಬಾಡಿಗೆ ಕೊಟ್ಟರೆ ಸುದ್ದಿಗೆ ಸಿಗುವ ದುಡ್ಡು ಅಲ್ಲಿಗೇ ಮುಗಿಯುತ್ತದೆ ಎಂಬುದನ್ನು ನಮ್ಮ ಬ್ಯಾಚಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಗಾಡಿ ನಿಂತದ್ದು ಕಡೆಯ ಸಾಲಿನಲ್ಲಿ. ಅಲ್ಲಿಗೆ ಕರೆಂಟಿನ ವೈರು ಬಂದಿರಲಿಲ್ಲ. ಮಾಮಾ ಸೆಕೆಂಡ್ ಹ್ಯಾಂಡ್ ಜನರೇಟರ್ ತಂದಿದ್ದರು. ಒಂದು ಕೆವಿಎದ್ದು, ಪೆಟ್ರೋಲ್ ಮೇಲೆ ಓಡುವಂಥದ್ದು, ಒಬ್ಬನೇ ಎತ್ತಿಕೊಂಡು ಹೋಗಬಹುದು. ಮಾಮಾನ ಲೆಕ್ಕದಲ್ಲಿ ಒಂದು ಕೆವಿಎ ಎಂದರೆ ಸಾವಿರ ವ್ಯಾಟ್. ಇಂಥ ಯಂತ್ರದಿಂದ ಕೈಗೆ ಸಿಗುವುದು ಎಂಟುನೂರರ ಆಸುಪಾಸು, ದಿನವಿಡೀ ಓಡಿಸುವುದಾದರೆ ಅದಕ್ಕೂ ಕಡಿಮೆ ಹಿಡಿಯಬೇಕು. ಐದು ಎಲ್‌ಇಡಿ ಬಲ್ಬು ಸೇರಿದರೂ ನಲವತ್ತೈದು ವ್ಯಾಟ್, ಫ್ಯಾನು ಐವತ್ತು, ನನ್ನ ಲ್ಯಾಪ್‌ಟಾಪು ಅರವತ್ತೈದು, ಮೊಬೈಲುಗಳದು ಲೆಕ್ಕಕ್ಕೇ ಇಲ್ಲ. ಚಟ್ನಿ ರುಬ್ಬುವ ಮಿಕ್ಸಿಯದೇ ತಕರಾರು. ಐನೂರು ವ್ಯಾಟ್ ಎಂದು ಬರೆದಿದ್ದರೂ ತಿರುಗಲು ಶುರು ಮಾಡುವ ಕ್ಷಣದಲ್ಲಿ ಮೋಟರು ಅದರ ಎರಡು-ಮೂರು ಪಟ್ಟು ಎಳೆಯುತ್ತದೆ. ಮಿಕ್ಸಿ ಹಚ್ಚಿದಾಗಲೆಲ್ಲ ಬಲ್ಬು ಕಣ್ಣು ಮುಚ್ಚಿ ತೆರೆಯುತ್ತಿತ್ತು. ಎರಡನೆಯ ದಿನ ಬೆಳಿಗ್ಗೆ ಚಳಿ ಅಂತ ಮಾಮಾ ಬಕೆಟ್ಟಿಗೆ ನೀರು ಕಾಯಿಸುವ ರಾಡು ಹಾಕಿದರು. ಸಾವಿರದೈನೂರು ವ್ಯಾಟಿನದು! ಜನರೇಟರ್ ಒಂದು ಸಲ ನರಳಿ ಬ್ರೇಕರ್ ಬಿತ್ತು. ಅಕ್ಕ, 'ಒಲಿ ಮ್ಯಾಲ ಕಾಸಿದ್ರ ನೀರು ಬಿಸಿ ಆಗೂದಿಲ್ಲೇನು?' ಅಂದಳು.

ಇನ್ನೊಂದು ಸಂಗತಿ ನನಗೆ ಅಲ್ಲಿಯೇ ತಿಳಿದದ್ದು. ಈ ಹಳೆಯ ಮಾದರಿಯವು ಐವತ್ತು ಹರ್ಟ್ಸ್ ಕೊಡಬೇಕಾದರೆ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುತ್ತಲೇ ಇರಬೇಕು. ಒಂದೇ ಬಲ್ಬು ಹಚ್ಚಿದರೂ ಅಷ್ಟೇ ಸದ್ದು, ಪೆಟ್ರೋಲಿನ ಉಳಿತಾಯವೂ ಅಷ್ಟಕ್ಕಷ್ಟೇ. ಹೊಸ ಇನ್ವರ್ಟರ್ ಜನರೇಟರುಗಳು ಹೊರೆ ಇಳಿದಂತೆ ವೇಗ ಇಳಿಸುತ್ತವೆ, ಬೆಲೆ ಮಾತ್ರ ಮಾಮಾನಂಥವರ ಕೈಗೆ ಎಟುಕುವುದಿಲ್ಲ. ರಾತ್ರಿ ವ್ಯಾಪಾರ ನಿಂತ ಮೇಲೂ ನನ್ನ ಒಂದು ಲ್ಯಾಪ್‌ಟಾಪಿಗಾಗಿ ಆ ಯಂತ್ರ ಗುಡುಗುಡು ಅನ್ನುತ್ತಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಆದದ್ದರಲ್ಲಿ ನನ್ನ ಪಾಲೂ ಇದೆ.

ಮೊದಲೆರಡು ರಾತ್ರಿ ಜನರೇಟರ್ ಗಾಡಿಯಿಂದ ದೂರ, ಜಾಲಿ ಗಿಡದ ಬುಡದಲ್ಲಿತ್ತು. ಮೂರನೆಯ ದಿನ ಪಕ್ಕದ ಅಂಗಡಿಯ ಗ್ಯಾಸ್ ಸಿಲಿಂಡರ್ ಕಳುವಾಯಿತು. ಮಾಮಾ ಜನರೇಟರನ್ನು ಎಳೆದು ತಂದು ಗಾಡಿಯ ಹಿಂದೆ, ಹಲಗೆಗೆ ತಾಗಿಸಿ ಇಟ್ಟರು. ಮೇಲಿಂದ ತಾಡಪತ್ರಿ ಇಳಿಬಿಟ್ಟು ಮುಚ್ಚಿದರು. 'ಇಷ್ಟು ಹತ್ರ ಬ್ಯಾಡ ಮಾಮಾ' ಅಂದೆ, ಸದ್ದಿನ ಚಿಂತೆಯಿಂದ. 'ಹೊರಗಿಟ್ರ ಮುಂಜಾನಿಗೆ ಇರೂದಿಲ್ಲ, ನಿನ್ನ ಪೇಪರ್‌ನವ್ರು ಕೊಡಸ್ತಾರೇನು?' ಅಂದರು. ಸುಮ್ಮನಾದೆ.

ಚಳಿಗೆ ಮುಂದಿನ ತಗಡೂ ಇಳಿಸಿದ್ದೆವು. ನಾನು ಫೋಟೊಗಳಿಗೆ ಅಡಿಬರಹ ಬರೆಯುತ್ತ ಕೂತಿದ್ದೆ. ಅಕ್ಕನ ಮಗಳು, ಆರು ವರ್ಷದವಳು, ಎದ್ದು 'ಅವ್ವಾ, ತಲಿ ನೋಯಾಕತ್ತೈತಿ' ಅಂದಳು. ಸ್ವಲ್ಪ ಹೊತ್ತಿಗೆ ವಾಂತಿ. ಜಾತ್ರೆಯಲ್ಲಿ ಕಂಡದ್ದೆಲ್ಲ ತಿಂದಾಳ ಅಂದರು ಮಾಮಾ. ದೃಷ್ಟಿ ಆಗೈತಿ ಅಂತ ಅಕ್ಕ ಉಪ್ಪು ನಿವಾಳಿಸಿದಳು. ನನ್ನ ತಲೆಯೂ ಹಿಡಿದಿತ್ತು. ನಿದ್ದೆಗೆಟ್ಟದ್ದು ಅಂದುಕೊಂಡೆ.

ಡೆಸ್ಕಿನಿಂದ ಫೋನ್ ಬಂತು. ತಗಡಿನೊಳಗೆ ನೆಟ್‌ವರ್ಕ್ ಸಿಗುವುದಿಲ್ಲವೆಂದು ಕೆಳಗಿಳಿದು ನಾಟಕದ ಟೆಂಟಿನ ಕಡೆ ನಡೆದೆ. ಐದಾರು ನಿಮಿಷ ಮಾತಾಡುವಷ್ಟರಲ್ಲಿ ತಲೆ ಹಗುರಾಗಿತ್ತು. ವಾಪಸು ಬಂದು ಒಳಗೆ ಕೂತೆ. ಮತ್ತೆ ಭಾರ. ಬೆರಳು ಕೀಲಿ ತಪ್ಪಿ ಬೀಳುತ್ತಿದ್ದವು.

ಆಗ ನೆನಪಾಯಿತು. ಕೆಲವು ವರ್ಷಗಳ ಹಿಂದೆ ನಾನೇ ಕಳಿಸಿದ್ದ ಒಂದು ಸುದ್ದಿ. ಶೆಡ್ಡಿನಲ್ಲಿ ಮಲಗಿದ್ದ ಕೂಲಿಯವರು ಬೆಳಿಗ್ಗೆ ಏಳಲಿಲ್ಲ. 'ಉಸಿರುಗಟ್ಟಿ ಸತ್ತಿರುವ ಶಂಕೆ, ಪ್ರಕರಣ ದಾಖಲಾಗಿದೆ' ಅಂತ ಠಾಣೆಯಿಂದ ಫೋನಿನಲ್ಲಿ ಕೇಳಿದ್ದನ್ನು ಕೇಳಿದ ಹಾಗೆಯೇ ಟೈಪ್ ಮಾಡಿದ್ದೆ. ಸತ್ತವರ ವಯಸ್ಸು ಕೇಳಿದ್ದೆ, ಊರು ಕೇಳಿದ್ದೆ. ಆ ಶೆಡ್ಡಿನಲ್ಲಿ ಏನು ಉರಿಯುತ್ತಿತ್ತು, ಏನು ಓಡುತ್ತಿತ್ತು ಎಂದು ಕೇಳಿರಲಿಲ್ಲ.

ಮಗುವನ್ನು ಎತ್ತಿಕೊಂಡು ಕೆಳಗೆ ಹಾರಿದೆ. 'ಎಲ್ಲಾರೂ ಇಳೀರಿ' ಅಂತ ಕೂಗಿದ್ದಕ್ಕೆ ಮಾಮಾ ಬೈಯುತ್ತಲೇ ಎದ್ದರು. ಎದ್ದವರು ಮೊಣಕಾಲು ಮಡಚಿ ಅಲ್ಲೇ ಕೂತುಬಿಟ್ಟಾಗ ಅಕ್ಕನ ಮುಖ ಬಿಳಿಚಿತು. ಇಬ್ಬರೂ ಸೇರಿ ಅವರನ್ನು ಇಳಿಸಿದೆವು. ಆಮೇಲೆ ಜನರೇಟರ್ ಬಂದ್ ಮಾಡಿದೆ. ಯಾರದೋ ಗೂಡ್ಸ್ ಗಾಡಿಯಲ್ಲಿ ಆಸ್ಪತ್ರೆಗೆ ಹೋದೆವು. ಮಗುವಿಗೂ ಮಾಮಾಗೂ ಆಮ್ಲಜನಕ ಹಚ್ಚಿದರು.

ಹೊಗೆಯ ವಾಸನೆ ಬಂದರೆ ನಮಗೆ ಎಚ್ಚರವಾಗುತ್ತದೆ ಎಂದು ನಾನೂ ನಂಬಿದ್ದೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಂತಿ, ಸುಸ್ತು, ಇವೆಲ್ಲ ಜಾತ್ರೆಯಲ್ಲಿ ಯಾರಿಗೂ ಆಗುವಂಥವೇ. ನಿದ್ದೆಯಲ್ಲಿದ್ದವರಿಗೆ ಅಷ್ಟೂ ಗೊತ್ತಾಗುವುದಿಲ್ಲ. ಜನರೇಟರ್ ಮಲಗುವ ಜಾಗದಿಂದ ಕಡಿಮೆ ಎಂದರೆ ಇಪ್ಪತ್ತು ಅಡಿ ದೂರ, ಹೊಗೆಕೊಳವೆ ಆಚೆ ಮುಖ ಮಾಡಿ ಇರಬೇಕು. ಕಿಟಕಿ ತೆರೆದಿದೆಯಲ್ಲ ಎಂಬ ಧೈರ್ಯವೂ ಸಾಲದು.

ಮರುದಿನ ಬ್ಯಾಟರಿಯ ಏರ್ಪಾಡಾಯಿತು. ಹನ್ನೆರಡು ವೋಲ್ಟಿನ ನೂರು ಆಂಪಿಯರ್-ಅವರ್ ಬ್ಯಾಟರಿ, ಜೊತೆಗೆ ಸಣ್ಣ ಇನ್ವರ್ಟರ್. ಸಂಜೆ ಆರರಿಂದ ಹತ್ತರವರೆಗೆ ವ್ಯಾಪಾರಕ್ಕೆ ಹೇಗೂ ಜನರೇಟರ್ ಓಡುತ್ತದೆ. ಆ ಹೊತ್ತಿನಲ್ಲಿ ಹತ್ತು ಆಂಪಿಯರಿನಂತೆ ಚಾರ್ಜ್ ಮಾಡಿದರೆ ನಲವತ್ತು ಆಂಪಿಯರ್-ಅವರ್ ಸೇರುತ್ತದೆ. ನಡುವೆ ಸೋರಿಹೋಗುವುದನ್ನು ಕಳೆದರೂ ರಾತ್ರಿ ಒಂದೆರಡು ಬಲ್ಬು, ಮೊಬೈಲು, ನನ್ನ ಎರಡು ತಾಸಿನ ಕೆಲಸಕ್ಕೆ ಸಾಕು. ಬ್ಯಾಟರಿಗೆ ನಾನು ಅರ್ಧ ದುಡ್ಡು ಹಾಕಿದೆ. ಅದು ಎಷ್ಟು ಸುದ್ದಿಗಳ ಬೆಲೆ ಎಂದು ಲೆಕ್ಕ ಹಾಕಲು ಹೋಗಲಿಲ್ಲ.

ಆ ವಾರವೇ ಜನರೇಟರಿನ ಬಗ್ಗೆ ಒಂದು ವರದಿ ಕಳಿಸಿದೆ. ಜಾತ್ರೆಯ ಪುಟದಲ್ಲಿ ಜಾಗವಿಲ್ಲವೆಂದು ನಾಲ್ಕು ಸಾಲಿಗೆ ಇಳಿಸಿದರು. ಇಪ್ಪತ್ತು ಅಡಿ ಎಂಬ ಮಾತು ಉಳಿದಿತ್ತು. ಮಾಮಾ ಜನರೇಟರಿಗೆ ಸರಪಳಿ ಹಾಕಿ ಅದೇ ಜಾಲಿ ಗಿಡಕ್ಕೆ ಬೀಗ ಹಾಕಿದ್ದಾರೆ. ಉದ್ದನೆಯ ದಪ್ಪ ವೈರಿಗೆ ಆದ ಖರ್ಚನ್ನು ಈಗಲೂ ನನಗೆ ನೆನಪಿಸುತ್ತಾರೆ.