ಸಾಹುಕಾರರು ಬಿಟ್ಟ ಗಾಡಿ

ಹದಿನೈದು ಹದಿನಾರು ಲಕ್ಷ ರೂಪಾಯಿ ಹೊಂದಿಸಿಕೊಂಡು ಕಾರು ಕೊಳ್ಳಲು ಹೊರಟ ಗಂಗಾವತಿಯ ಗೃಹಸ್ಥನನ್ನು ಈಗ ಎರಡು ಆಸೆಗಳು ಎರಡು ಕಡೆಗೆ ಎಳೆಯುತ್ತವೆ. ಸೀಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದೆ ಶೋರೂಮಿನಿಂದ ಬರುವ ಹೊಸ ಕ್ರೆಟಾದಂಥ ಗಾಡಿ ಒಂದು ಕಡೆ. ಅಷ್ಟೇ ದುಡ್ಡಿಗೆ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಸಿಗುವ, ಆರೇಳು ವರ್ಷ ಓಡಿದ ಬಿಎಂಡಬ್ಲ್ಯು ಎಕ್ಸ್1, ಆಡಿ ಕ್ಯೂ3, ಮರ್ಸಿಡಿಸ್ ಜಿಎಲ್‌ಎ, ವೋಲ್ವೊ ಎಕ್ಸ್‌ಸಿ40 ಇನ್ನೊಂದು ಕಡೆ. ಎರಡನೆಯ ಆಸೆಯ ಪರ ಮಾತಾಡುವವರ ಬಳಿ ಇರುವುದು ಒಂದೇ ತರ್ಕ, ಆದರೆ ಅದು ತೂಕದ ತರ್ಕ: ನಲವತ್ತು ಲಕ್ಷದ ಗಾಡಿ ಹದಿನಾರಕ್ಕೆ ಬರುವಾಗ ಬಿಡುವವನು ಯಾರು? ನನ್ನ ತಕರಾರು ಇಷ್ಟೇ. ಗಾಡಿಗೆ ವಯಸ್ಸಾದಂತೆ ಅದರ ಬೆಲೆ ಇಳಿಯುತ್ತದೆ, ಖರ್ಚು ಇಳಿಯುವುದಿಲ್ಲ. ಹದಿನಾರು ಲಕ್ಷ ಎಣಿಸಿಕೊಟ್ಟವನ ಮನೆಗೆ ಬರುವುದು ನಲವತ್ತು ಲಕ್ಷದ ಕಾರಿನ ಖರ್ಚು.

ಸಣ್ಣ ಎಸ್‌ಯುವಿ ಎಂಬ ಈ ಜಾತಿಯೇನೂ ಹಳೆಯದಲ್ಲ. 1994ರಲ್ಲಿ ಟೊಯೊಟಾ ಕಂಪನಿ ಆರ್‌ಎವಿ4 ಎಂಬ ಹೆಸರಿನಲ್ಲಿ ಕಾರಿನ ಮೈಗೆ ಜೀಪಿನ ಅಂಗಿ ತೊಡಿಸಿತು. ದುಬಾರಿ ಕಂಪನಿಗಳಿಗೂ ಆ ಅಂಗಿ ಹಿಡಿಸಿತು. 1999ರಲ್ಲಿ ಬಿಎಂಡಬ್ಲ್ಯು ಎಕ್ಸ್5 ಬಂತು, ಹತ್ತು ವರ್ಷದಲ್ಲಿ ಅದೇ ಸಣ್ಣದಾಗುತ್ತ ಆಗುತ್ತ ಎಕ್ಸ್1 ಆಯಿತು. 2010ರ ಕೊನೆಗೆ ಅದು ಭಾರತಕ್ಕೆ ಬಂದಾಗ ಶುರುವಿನ ಬೆಲೆ 22 ಲಕ್ಷದ ಆಸುಪಾಸು, ಜೋಡಣೆ ಚೆನ್ನೈನಲ್ಲಿ. 2012ರಲ್ಲಿ ಕ್ಯೂ3, 2014ರಲ್ಲಿ ಜಿಎಲ್‌ಎ, 2018ರಲ್ಲಿ ಎಕ್ಸ್‌ಸಿ40 ಅದರ ಬೆನ್ನಿಗೇ ಬಂದವು. ವೋಲ್ವೊ ಕಂಪನಿಯ ಕಾರುಗಳಂತೂ 2017ರಿಂದ ನಮ್ಮ ಹೊಸಕೋಟೆಯಲ್ಲೇ ಜೋಡಣೆಯಾಗುತ್ತಿವೆ. ಇವೆಲ್ಲವುಗಳ ಉದ್ದೇಶ ಒಂದೇ: ದೊಡ್ಡ ಹೆಸರಿನ ಮನೆಗೆ ಅತಿ ಕಡಿಮೆ ದುಡ್ಡಿನ ಬಾಗಿಲು. ಆ ಬಾಗಿಲಿನಿಂದ ಒಳಗೆ ಹೋದವರು ನಾಲ್ಕೈದು ವರ್ಷದಲ್ಲಿ ಒಳಗಿನ ದೊಡ್ಡ ಕೋಣೆಗೆ ನಡೆದುಬಿಡುತ್ತಾರೆ, ಬಾಗಿಲು ಹಳೇ ಗಾಡಿಯ ಸಂತೆಗೆ ಬರುತ್ತದೆ. ಇನ್ನು ಜೀಪಿನ ಅಂಗಿಯ ವಿಚಾರ. ಎಕ್ಸ್1ರ ಬೆನ್ನ ಮೇಲೆ ‘ಎಸ್‌ಡ್ರೈವ್’ ಎಂದು ಬರೆದಿದ್ದರೆ ಎಂಜಿನ್ನಿನ ಬಲ ಎರಡೇ ಚಕ್ರಕ್ಕೆ ಹೋಗುತ್ತದೆ ಎಂದರ್ಥ, ಭಾರತದಲ್ಲಿ ಮಾರಾಟವಾದವುಗಳಲ್ಲಿ ಇಂಥವೇ ಬಹಳ. ಯಲಬುರ್ಗಾ, ಕುಕನೂರು ಕಡೆಯ ಎರೆಹೊಲದ ದಾರಿಯಲ್ಲಿ ಮಳೆ ಬಿದ್ದ ಮರುದಿನ ಇದು ಮಾರುತಿ ಕಾರು ಹೂತಲ್ಲೇ ಹೂತುಕೊಳ್ಳುತ್ತದೆ. ಎಳೆಯಲು ಬರುವ ಟ್ರ್ಯಾಕ್ಟರಿಗೆ ಮಾತ್ರ ಬ್ರ್ಯಾಂಡಿನ ಭೇದವಿಲ್ಲ.

ಬೆಲೆ ಇಳಿಯುವ ವೇಗಕ್ಕೆ ವಿಮೆಯ ಲೆಕ್ಕವೇ ಸಾಕ್ಷಿ. ಆರು ತಿಂಗಳು ದಾಟಿದ ಕಾರಿಗೆ ಶೇ. 15, ಒಂದು ವರ್ಷ ದಾಟಿದರೆ 20, ಎರಡು ದಾಟಿದರೆ 30, ಮೂರಕ್ಕೆ 40, ನಾಲ್ಕಕ್ಕೆ 50 ಎಂದು ಮೌಲ್ಯ ಕಳೆಯುತ್ತ ಹೋಗಿ, ಐದು ವರ್ಷ ದಾಟಿದ ಮೇಲೆ ಕಂಪನಿಯೂ ಮಾಲೀಕನೂ ಮಾತಾಡಿಕೊಂಡು ಗೊತ್ತುಮಾಡಬೇಕು. ಆದರೆ ಹೆಡ್‌ಲೈಟು ಒಡೆದ ದಿನ ಬಿಡಿಭಾಗದ ಅಂಗಡಿಯಲ್ಲಿ ಈ ಕಡಿತದ ಪಟ್ಟಿ ತೋರಿಸಿದರೆ ನಡೆಯುವುದಿಲ್ಲ, ಹಳೇ ಕಾರಿಗೂ ಹೊಸ ಕಾರಿಗೂ ಲೈಟಿನ ಬೆಲೆ ಒಂದೇ. ಸರ್ಕಾರವೂ ಮೂಲ ಬೆಲೆಯನ್ನು ಮರೆಯುವುದಿಲ್ಲ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಮೇಲೆ ಸೆಸ್ಸು. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ರಸ್ತೆಗಿಳಿಯಬಾರದೆಂದು ಹಸಿರು ನ್ಯಾಯಾಧಿಕರಣ 2015ರಲ್ಲಿ ಹೇಳಿ, 2018ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಒತ್ತು ಕೊಟ್ಟ ಮೇಲೆ ಅಲ್ಲಿನ ದುಬಾರಿ ಡೀಸೆಲ್ ಕಾರುಗಳು ಅಗ್ಗವಾಗಿ ದಕ್ಷಿಣದ ದಾರಿ ಹಿಡಿದವು. ಅಂಥದೊಂದನ್ನು ತಂದು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಹೊಸ ನಂಬರು ಮಾಡಿಸಬೇಕು. ಆಗ ಕಟ್ಟುವ ತೆರಿಗೆಗೆ ನೀವು ದೆಹಲಿಯಲ್ಲಿ ಚೌಕಾಸಿ ಮಾಡಿ ಇಳಿಸಿದ ಬೆಲೆ ಆಧಾರವಲ್ಲ, ಗಾಡಿ ಹೊಸದಿದ್ದಾಗಿನ ಬೆಲೆ ಆಧಾರ. ವಯಸ್ಸಿಗೆ ತಕ್ಕ ರಿಯಾಯಿತಿ ಅಷ್ಟೇ. ದೆಹಲಿ ನಂಬರ್ ಪ್ಲೇಟಿನ ಅಗ್ಗ ಕೊಪ್ಪಳದ ಕೆಎ 37 ಆಗುವ ಹೊತ್ತಿಗೆ ಅರ್ಧ ಕರಗಿರುತ್ತದೆ.

ನಮ್ಮ ಕಡೆ ಗ್ಯಾರೇಜಿನವರು ಯಾವ ಗಾಡಿಯನ್ನೂ ಬಿಡುವುದಿಲ್ಲ, ಇದನ್ನೂ ರಿಪೇರಿ ಮಾಡುತ್ತಾರೆ ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ. ಅವರ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಕಾರಟಗಿಯ ಕೆಸರುಗದ್ದೆಯಲ್ಲಿ ನಿಂತ ಭತ್ತ ಕೊಯ್ಯುವ ಯಂತ್ರವನ್ನು ಅಲ್ಲೇ ಬಿಚ್ಚಿ ಅಲ್ಲೇ ಕೂಡಿಸುವವರು ಅವರು. ಅಡ್ಡಿ ಇರುವುದು ಗಾಡಿಯಲ್ಲಿ. ಬಿಎಂಡಬ್ಲ್ಯುಗೆ ಬ್ಯಾಟರಿ ಬದಲಿಸಿದರೆ ಸಾಲದು, ಬದಲಿಸಿದ್ದನ್ನು ಅದರ ಕಂಪ್ಯೂಟರಿಗೆ ನೋಂದಾಯಿಸಬೇಕು. ಮೊದಲ ತಲೆಮಾರಿನ ಎಕ್ಸ್1ರ ಡೀಸೆಲ್ ಎಂಜಿನ್ ಎನ್47ರ ಟೈಮಿಂಗ್ ಚೈನು ಎಂಜಿನ್ನಿನ ಹಿಂಬದಿಗೆ, ಗೇರ್‌ಬಾಕ್ಸಿನ ಮಗ್ಗುಲಲ್ಲಿದೆ. ಅದು ಬೇಗ ಸವೆಯುತ್ತದೆಂಬ ದೂರು ಜಗತ್ತಿನ ತುಂಬ ಕೇಳಿಬಂತು. ಸಾವಿರಗಳ ಚೈನು ಬದಲಿಸಲು ಲಕ್ಷಗಳ ಮೈ ಬಿಚ್ಚಬೇಕು, ಮಾಡದೆ ಬಿಟ್ಟು ಚೈನು ತುಂಡಾದರೆ ಎಂಜಿನ್ನೇ ಹೋಗುತ್ತದೆ. ಕ್ಯೂ3, ಜಿಎಲ್‌ಎಗಳ ಜೋಡಿ ಕ್ಲಚ್ಚಿನ ಗೇರ್‌ಬಾಕ್ಸಿಗೆ ಅದರದೇ ಎಣ್ಣೆ, ಅದರದೇ ಉಪಕರಣ ಬೇಕು. ಬಿಎಂಡಬ್ಲ್ಯುಗೆ ಕಂಪನಿ ಹಾಕಿಕೊಟ್ಟ ರನ್‌ಫ್ಲಾಟ್ ಟೈರು ಗಾಳಿ ಹೋದರೂ ಗಂಟೆಗೆ 80 ಕಿ.ಮೀ. ಮೀರದಂತೆ 80 ಕಿ.ಮೀ. ಓಡುತ್ತದೆ ಎಂಬ ಭರವಸೆಯಲ್ಲಿ ಎಷ್ಟೋ ಗಾಡಿಗಳಲ್ಲಿ ಸ್ಟೆಪ್ನಿಯನ್ನೇ ಕೈಬಿಟ್ಟಿರುತ್ತಾರೆ. ಅದು ಜರ್ಮನಿಯ ರಸ್ತೆಗೆ ತಕ್ಕ ಲೆಕ್ಕ. ಕುಷ್ಟಗಿಯ ಆಚೆ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿ ಹೊತ್ತು ಟೈರಿನ ಮಗ್ಗುಲು ಹರಿದರೆ 80 ಕಿ.ಮೀ.ಯೊಳಗೆ ಆ ಅಳತೆಯ ಟೈರು ಇಟ್ಟ ಅಂಗಡಿ ಸಿಗುತ್ತದೆಂದು ನಂಬುವವನು ದೊಡ್ಡ ಭಕ್ತನೇ ಇರಬೇಕು. ಕೊಪ್ಪಳ ಜಿಲ್ಲೆಯೊಳಗೆ ಈ ನಾಲ್ಕರಲ್ಲಿ ಒಂದು ಕಂಪನಿಯ ಅಧಿಕೃತ ವರ್ಕ್‌ಶಾಪೂ ಇಲ್ಲ. ಬೆಂಗಳೂರು 350 ಕಿ.ಮೀ.ಗೂ ದೂರ. ಹೋಗಿಬರುವ ದಾರಿ, ಟೋ ಲಾರಿಯ ಬಾಡಿಗೆ, ಬಿಡಿಭಾಗಕ್ಕೆ ಕಾಯುವ ದಿನ, ಇವನ್ನೆಲ್ಲ ಬೆಲೆಗೆ ಕೂಡಿಸಿಯೇ ಅಗ್ಗವೋ ದುಬಾರಿಯೋ ಹೇಳಬೇಕು.

ನೋಡಿ ಕೊಂಡರಾಯಿತಲ್ಲ ಎನ್ನುವವರು ನಮ್ಮ ಹಿರಿಯರು ಎತ್ತು ಕೊಳ್ಳುತ್ತಿದ್ದ ರೀತಿ ನೆನೆಯಬೇಕು. ದನದ ಸಂತೆಯಲ್ಲಿ ಟವೆಲ್ಲಿನ ಒಳಗೆ ಬೆರಳು ಹಿಡಿದು ವ್ಯಾಪಾರ ಕುದುರುವ ಮುಂಚೆ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು: ಎರಡು ಹಲ್ಲು, ನಾಲ್ಕು, ಆರು, ಆಮೇಲೆ ಬಾಯಿಗೂಡಿತು. ಬಾಯಿಗೂಡಿದ ಮೇಲೆ ಎಣಿಕೆ ಕೆಲಸಕ್ಕೆ ಬಾರದು, ಹಲ್ಲಿನ ಸವೆತ, ಗೊರಸು, ನಡಿಗೆ ನೋಡಬೇಕು. ಕಾರಿನ ಮೀಟರೂ ಅಷ್ಟೇ. ಆರು ವರ್ಷದ ಗಾಡಿ ಮೂವತ್ತೇ ಸಾವಿರ ಓಡಿದೆ, ಡಾಕ್ಟರು ಒಬ್ಬರೇ ಓಡಿಸಿದ್ದು ಎಂದು ದಲಾಲಿ ಹೇಳಿದಾಗ ಮೀಟರನ್ನು ಬಿಟ್ಟು ಟೈರಿನ ಮಗ್ಗುಲು ನೋಡಿ. ಅಲ್ಲಿ ನಾಲ್ಕಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಆದ ಟೈರು. ಮೂವತ್ತು ಸಾವಿರ ಓಡಿದ ಕಾರಿಗೆ ನಾಲ್ಕೂ ಟೈರು ಎರಡನೇ ಸಲ ಬದಲಾಗಿದ್ದರೆ ಡಾಕ್ಟರು ಬಹಳ ಊರಿನ ರೋಗಿಗಳನ್ನು ನೋಡಿದ್ದಾರೆ ಎಂದು ತಿಳಿಯಬೇಕು. ಸೀಟ್ ಬೆಲ್ಟನ್ನು ಕೊನೆತನಕ ಎಳೆದು ನೋಡುವುದೂ ಅಷ್ಟೇ ಮುಖ್ಯ, ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಗಾಡಿ ನೀರಲ್ಲಿ ನಿಂತದ್ದು. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿತು, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು ಕಡೆ ಕೋಟಿ ಬೆಲೆಯ ಮನೆಗಳ ಮುಂದೆ ದುಬಾರಿ ಕಾರುಗಳು ಕಿಟಕಿಯ ಮಟ್ಟ ಮುಳುಗಿ ನಿಂತವು. ಅಂಥ ಗಾಡಿಯ ವೈರುಗಳಲ್ಲಿ ತುಕ್ಕು ಬೆಳೆಯಲು ವರ್ಷಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಮಾಲೀಕ ಬದಲಾಗಿರುತ್ತಾನೆ. ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂದ ಸೀಮೆಯವರು ನಾವು, ಒಂದು ಸರ್ವಿಸ್ ಪುಸ್ತಕ ನೋಡಲಾರೆವೇ?

ಬಲವಾದ ಆಕ್ಷೇಪ ಸುರಕ್ಷತೆಯದು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಇಲ್ಲಿ ಮಾರುವ ಐದು ಸಣ್ಣ ಕಾರುಗಳನ್ನು ಗುದ್ದಿಸಿ ನೋಡಿದಾಗ ಐದಕ್ಕೂ ಸೊನ್ನೆ ಬಂತು. ಯುರೋಪಿನ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಗಾಡಿಯನ್ನು ಆ ಕಾಲದಲ್ಲಿ ಹಳೆಯದಾದರೂ ಕೊಂಡವನು ಬುದ್ಧಿವಂತನೇ. ಆಮೇಲೆ ಕಾಲ ತಿರುಗಿತು: 2018ರಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರ ಪಡೆಯಿತು, 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷೆ ಇದೆ. ಗಟ್ಟಿ ಮೈಗೋಸ್ಕರ ಹಳೇ ಜರ್ಮನ್ ಗಾಡಿಯೇ ಬೇಕೆನ್ನುವ ಮಾತಿಗೆ ಈಗ ಮೊದಲಿನ ಬಲವಿಲ್ಲ. ಹೆದ್ದಾರಿಯಲ್ಲಿ ಅದು ನೆಲ ಕಚ್ಚಿ ಓಡುವ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ, ಆ ಸುಖಕ್ಕೆ ಹೊಸ ಕ್ರೆಟಾದಲ್ಲಿ ಬದಲಿ ಇಲ್ಲ. ಇನ್ನು ಮರ್ಯಾದೆಯ ಮಾತು. ಗಂಗಾವತಿಯ ಅಕ್ಕಿ ವ್ಯಾಪಾರ ನಂಬಿಕೆಯ ಮೇಲೆ, ಉದ್ರಿಯ ಮೇಲೆ ನಡೆಯುವುದು. ಲಗ್ನದ ಮಂಟಪದ ಮುಂದೆ ನಿಂತ ಗಾಡಿಯೂ ಸಾಹುಕಾರನ ಪರವಾಗಿ ಒಂದು ಮಾತು ಆಡುತ್ತದೆ ಎಂದರೆ ಒಪ್ಪುತ್ತೇನೆ. ಹಾಗಿದ್ದರೆ ಅದನ್ನು ಮಿಲ್ಲಿನ ಬೋರ್ಡಿನ ಖರ್ಚಿನಂತೆ ವ್ಯಾಪಾರದ ಖಾತೆಗೆ ಬರೆಯಲಿ, ಉಳಿತಾಯದ ಖಾತೆಗೆ ಬೇಡ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ತೆರಿಗೆ ಸೆಸ್ಸೂ ಸೇರಿ 45–50ರಷ್ಟಿದ್ದದ್ದು ಶೇ. 40ಕ್ಕೆ ಇಳಿದು ಹೊಸವುಗಳೇ ಅಗ್ಗವಾದ ಮೇಲೆ, ಹಳೆಯದಕ್ಕೆ ಅದಕ್ಕೂ ಹಿಂದಿನ ಬೆಲೆ ಹೇಳುವ ದಲಾಲಿಯ ಮಾತಿಗೆ ತಲೆಯಾಡಿಸಬೇಕಾಗಿಯೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಲೆಕ್ಕ ಕಂತಿನದು. ಬ್ಯಾಂಕಿನವರು ಹಳೇ ಗಾಡಿಯ ಸಾಲಕ್ಕೆ ಹೊಸದಕ್ಕಿಂತ ಹೆಚ್ಚು ಬಡ್ಡಿ ಹಾಕುತ್ತಾರೆ. ಕಂತು ತಿಂಗಳಿಗೊಮ್ಮೆ ಬರುತ್ತದೆ, ನಮ್ಮ ಆದಾಯ ಬೆಳೆಗೊಮ್ಮೆ. ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಳಗೆ ಎರಡು ಬೆಳೆ ಭತ್ತ ಬರುತ್ತದೆ ಎಂಬ ಧೈರ್ಯದಲ್ಲಿ ಗಂಗಾವತಿ, ಕಾರಟಗಿಯ ಕ್ಯಾಂಪುಗಳಲ್ಲಿ ದೊಡ್ಡ ಗಾಡಿಗಳು ನಿಂತಿವೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಆ ಧೈರ್ಯ ಎಷ್ಟು ತೆಳುವಾದ ಕಬ್ಬಿಣದ ಮೇಲೆ ನಿಂತಿದೆ ಎಂದು ಇಡೀ ಸೀಮೆ ನೋಡಿತು. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲದವನಿಗೆ ಆ ಒಂದು ಧೈರ್ಯವೂ ಇಲ್ಲ.

ಆದ್ದರಿಂದ ನನ್ನ ತೀರ್ಪು ಇದು. ಹದಿನಾರು ಲಕ್ಷವಿದ್ದವನು ಹದಿನಾರರ ಹಳೇ ಐಷಾರಾಮಿ ಗಾಡಿ ಕೊಳ್ಳಬಾರದು. ಹನ್ನೆರಡರದು ಕೊಂಡು ನಾಲ್ಕು ಲಕ್ಷ ಅದರ ಹೆಸರಿನಲ್ಲೇ ಬ್ಯಾಂಕಿನಲ್ಲಿಡಬೇಕು, ಸಾಲ ಮಾಡಲೇಬಾರದು. ಮೊದಲ ಮಾಲೀಕನ ಕೈಯಲ್ಲೇ ಇದ್ದ, ಪ್ರತಿ ಸರ್ವಿಸ್ಸಿನ ರಸೀದಿ ಇರುವ, ಕರ್ನಾಟಕದಲ್ಲೇ ನೋಂದಣಿಯಾದ ಪೆಟ್ರೋಲ್ ಗಾಡಿಯಾದರೆ ಕೊಳ್ಳಿ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಹೊಸ ಕ್ರೆಟಾದ ಪ್ಲಾಸ್ಟಿಕ್ ಹೊದಿಕೆಯೇ ವಾಸಿ.